ಮೊದಲ ವಾಲ್ವ್ ಒಬ್ಬ ಹುಡುಗನಿಗೆ

‘ಟಾವಿ’ ಅಂತ ಕೇಳಿರ್ತೀರಿ. ಎದೆ ಸೀಳದೆ, ತೊಡೆಯ ರಕ್ತನಾಳದಿಂದ ವಾಲ್ವ್ ಕಳಿಸಿ ಹೃದಯದಲ್ಲಿ ಕೂರಿಸುವುದು. ಅದು ಅಜ್ಜ-ಅಜ್ಜಿಯರ ಚಿಕಿತ್ಸೆ ಅಂತ ನಾನೂ ಅಂದುಕೊಂಡಿದ್ದೆ. ಟಾವಿ ಶುರುವಾದದ್ದು 2002ರಲ್ಲಿ. ಆದರೆ ಹೀಗೆ ವಾಲ್ವ್ ಮೊದಲು ಸಿಕ್ಕಿದ್ದು 12 ವರ್ಷದ ಹುಡುಗನಿಗೆ ಮಾರ್ರೆ, 2000ದಲ್ಲೇ, ಪ್ಯಾರಿಸ್‌ನಲ್ಲಿ.

ಇದನ್ನು ಓದಲಿಕ್ಕೆ ಕಾರಣ ಬೆಳ್ತಂಗಡಿಯ ದೊಡ್ಡಮ್ಮನ ಮಗಳು. ಹುಟ್ಟುವಾಗಲೇ ‘ಟೆಟ್ರಾಲಜಿ ಆಫ್ ಫ್ಯಾಲೋ’: ಹೃದಯದ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಅತ್ತರೆ ತುಟಿ ನೀಲಿಯಾಗ್ತಿತ್ತು. ಎರಡು ವರ್ಷದಲ್ಲಿ ಆಪರೇಷನ್ ಆಯ್ತು. ಈಗ ಮೂಡುಬಿದಿರೆಯಲ್ಲಿ ಕಾಲೇಜು, ಎರಡನೇ ಮಹಡಿ ಹತ್ತುವಾಗ ಏದುಸಿರು. ‘ಪುನಃ ಎದೆ ಬಿಚ್ಚಬೇಕಾ?’ ಅಂತ ದೊಡ್ಡಮ್ಮ ಕೇಳಿದ್ದು ಅಷ್ಟೇ.

1944ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇಂಥ ನೀಲಿ ಮಗುವಿಗೆ ಮೊದಲ ಆಪರೇಷನ್ ಆಯ್ತು. 1954ರಲ್ಲಿ ಲಿಲ್ಲೆಹೈ ತೂತು ಮುಚ್ಚಿ, ದಾರಿ ಅಗಲ ಮಾಡಿ ಪೂರ್ತಿ ರಿಪೇರಿ ಮಾಡಿದರು. ಮಕ್ಕಳು ಬದುಕಿದರು, ದೊಡ್ಡವರಾದರು. ಆದರೆ ದಾರಿ ಅಗಲ ಮಾಡುವಾಗ ಅಲ್ಲಿನ ವಾಲ್ವ್ ಹಾಳಾಗುವುದುಂಟು. ರಕ್ತ ವಾಪಸ್ ಸೋರಿ, ವರ್ಷಗಟ್ಟಲೆ ಆದ ಮೇಲೆ ಬಲಗಡೆಯ ಹೃದಯ ಹಿಗ್ಗುತ್ತದೆ. ಕೆಲವರಿಗೆ ಕೃತಕ ಕೊಳವೆ ಹಾಕ್ತಾರೆ. ಮಗು ಬೆಳೀತದೆ, ಕೊಳವೆ ಬೆಳೆಯುವುದಿಲ್ಲ. ನಾನು ಕಾಮರ್ಸ್‌ನವ, ನನಗಿದು ಡಿಪ್ರಿಸಿಯೇಷನ್ ಲೆಕ್ಕದ ಹಾಗೆ ಕಾಣ್ತದೆ. ಪ್ರತಿ ಸಲ ಅದೇ ಗಾಯದ ಮೇಲೆ ಎದೆಮೂಳೆ ಕೊಯ್ಯಬೇಕು.

ಪ್ಯಾರಿಸ್‌ನ ಹುಡುಗನಿಗೂ ಅಂಥದ್ದೇ ಕೊಳವೆ, ಕಟ್ಟಿಕೊಂಡು ಸೋರುತ್ತಿತ್ತು. ನೆಕ್ಕರ್ ಆಸ್ಪತ್ರೆಯ ಡಾ. ಫಿಲಿಪ್ ಬೋನ್‌ಹಾಫರ್ ದನದ ಕುತ್ತಿಗೆಯ ರಕ್ತನಾಳದ ವಾಲ್ವನ್ನು ಸ್ಟೆಂಟ್‌ಗೆ ಹೊಲಿದು, ಮಡಚಿ, ಕ್ಯಾಥೆಟರ್‌ನಲ್ಲಿ ಒಳಗೆ ಕಳಿಸಿ ಬಲೂನಿನಿಂದ ಅರಳಿಸಿದರು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಗುವಾಗ 2010.

ಆದರೆ ಆ ವಾಲ್ವ್ ಕೊಳವೆ ಇದ್ದವರಿಗೆ ಸರಿ. ನಮ್ಮ ಹುಡುಗಿಯ ಹಾಗೆ ದಾರಿಯನ್ನೇ ಅಗಲ ಮಾಡಿದವರಿಗೆ ಸಣ್ಣದು, ನಿಲ್ಲುವುದಿಲ್ಲ. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ‘ಮೈವಾಲ್’ 32 ಮಿಲಿಮೀಟರ್‌ವರೆಗೆ ಉಂಟು. ಹಾಗಾಗಿ ಇಂಥವರಿಗೂ ದಾರಿ ತೆರೆದಿದೆ. ಎಲ್ಲರಿಗೂ ಅಲ್ಲ: ಹೃದಯಕ್ಕೇ ರಕ್ತ ಕೊಡುವ ನಾಳ ಪಕ್ಕದಲ್ಲೇ ಇದ್ದರೆ ಸ್ಟೆಂಟ್ ಅದನ್ನು ಒತ್ತಬಹುದು. ಬಲೂನ್ ಉಬ್ಬಿಸಿ ಮೊದಲೇ ನೋಡ್ತಾರೆ.

ಈ ವಾಲ್ವೂ ಸವೆಯುತ್ತದೆ. ಸವೆದರೆ ಅದರೊಳಗೇ ಇನ್ನೊಂದು ಕೂರಿಸುವುದುಂಟು. ಹಲ್ಲು ಚೆನ್ನಾಗಿಟ್ಟುಕೊಳ್ಳಬೇಕು, ಬಾಯಿಯ ಬ್ಯಾಕ್ಟೀರಿಯಾ ವಾಲ್ವಿಗೆ ಹತ್ತಬಹುದು. ಇದನ್ನು ಹೇಳಿದ್ದಕ್ಕೆ ಅವಳು ನನ್ನ ಮೇಲೆ ಸಿಟ್ಟಾದಳು, ಚಾಕೊಲೇಟ್ ಬಿಡಬೇಕಲ್ಲ.

ಮುಂದಿನ ತಿಂಗಳು ಅವಳ ಸಿಟಿ ಸ್ಕ್ಯಾನ್. ದಾರಿ ಎಷ್ಟು ಅಗಲ ಅಂತ ಅಳೆಯುತ್ತಾರೆ. ದೊಡ್ಡಮ್ಮ ದಿನಾ ಫೋನ್ ಮಾಡ್ತಾರೆ: ‘32ರೊಳಗೆ ಬರ್ತದಾ?’