ಗೋದಲಿಯಿಂದ ಕೂಸಿನ ಮನೆಗೆ

"ಮಗೂಗೆ ಭೇದಿ ಆಗ್ತಿದೆ, ಬಂದು ಕರ್ಕೊಂಡು ಹೋಗಿ." ಡೇ-ಕೇರಿನಿಂದ ಹೀಗೊಂದು ಫೋನ್ ಬಂದರೆ ಕೆಲಸಕ್ಕೆ ಹೋಗುವ ಅಮ್ಮನ ಅವತ್ತಿನ ದಿನ ಮುಗಿದಂತೆಯೇ. ಕಾಯಿಲೆ ಬಿದ್ದ ಮಗುವನ್ನು ಮನೆಗೆ ಕಳಿಸುವ ಈ ನಿಯಮ ಎಷ್ಟು ಹಳೆಯದು, ಅದರಿಂದ ಕಾಯಿಲೆ ಹರಡೋದು ನಿಜಕ್ಕೂ ನಿಲ್ಲುತ್ತಾ ಅಂತ ಕುತೂಹಲ ಹುಟ್ಟಿ ಓದುತ್ತಾ ಹೋದೆ. ಕತೆ ಶುರುವಾಗೋದು ಪ್ಯಾರಿಸ್ಸಿನಲ್ಲಿ.

1844ರ ನವೆಂಬರ್ 14ರಂದು ಫರ್ಮ್ಯಾನ್ ಮಾರ್ಬೋ ಎಂಬ ಕಾನೂನು ಪಂಡಿತ ಪ್ಯಾರಿಸ್ಸಿನ ಶಾಯೋ ಎಂಬಲ್ಲಿ ಮೊದಲ 'ಕ್ರೆಶ್' ತೆರೆದ. ಕ್ರೆಶ್ ಅಂದ್ರೆ ಫ್ರೆಂಚಿನಲ್ಲಿ ಗೋದಲಿ, ಬಾಲಯೇಸುವನ್ನು ಮಲಗಿಸಿದ್ದು ಅಂತಾರಲ್ಲ, ಅದೇ. ದುಡಿಯಲು ಹೋಗುವ ಬಡ ತಾಯಂದಿರ ಎರಡು ವರ್ಷದೊಳಗಿನ ಕೂಸುಗಳಿಗೆ ಅಲ್ಲಿ ಜಾಗ. ಆದರೆ ಕಾಯಿಲೆಯ ಮಗುವಿಗೆ ಪ್ರವೇಶ ಇಲ್ಲ! ರೋಗಾಣುಗಳ ಬಗ್ಗೆ ಪಾಶ್ಚರ್ ಇನ್ನೂ ಏನೂ ಹೇಳಿರದ ಕಾಲ ಅದು. ಕಣ್ಣಿಗೆ ಕಂಡ ಕಾಯಿಲೆಯನ್ನು ಬಾಗಿಲಲ್ಲೇ ತಡೆಯೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆದರೆ ಆ ದಿನದ ಕೂಲಿ ಹೋಗ್ತಿದ್ದದ್ದು ತಾಯಿಯದು ನೋಡಿ.

ಈ ನಿಯಮದ ತೂತು ಸರಿಯಾಗಿ ಕಂಡದ್ದು ಒಂದೂ ಕಾಲು ಶತಮಾನ ದಾಟಿದ ಮೇಲೆ, ಅಮೆರಿಕದಲ್ಲಿ. ಅರಿಜೋನಾದ ಮಾರಿಕೋಪಾ ಕೌಂಟಿಯಲ್ಲಿ ಹೆಪಟೈಟಿಸ್ ಎ, ಅಂದ್ರೆ ಕಾಮಾಲೆ ತರುವ ಸೋಂಕು, ಹರಡುತ್ತಿತ್ತು. ಹಾಸಿಗೆ ಹಿಡಿದವರು ಅಪ್ಪ-ಅಮ್ಮಂದಿರು ಮತ್ತು ಡೇ-ಕೇರಿನ ಆಯಾಗಳು. ಅದು ಬರುತ್ತಿದ್ದದ್ದು ಮಾತ್ರ ಡೈಪರ್ ಹಾಕುವ ಪುಟಾಣಿಗಳಿಂದ! 1980ರಲ್ಲಿ ಹ್ಯಾಡ್ಲರ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಚಿಕ್ಕ ಮಕ್ಕಳಲ್ಲಿ ಈ ಸೋಂಕಿಗೆ ಬಹುಪಾಲು ಲಕ್ಷಣವೇ ಇರಲ್ಲ. ಆಡಿಕೊಂಡು ನಗುತ್ತಿರುವ ಮಗುವನ್ನು ಬಾಗಿಲಲ್ಲಿ ಹೇಗೆ ತಡೀತೀರಿ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್‌ನಲ್ಲಿ ಎರರ್ ಇಲ್ಲ ಅಂದ ಮಾತ್ರಕ್ಕೆ ಬಗ್ ಇಲ್ಲ ಅಂತಲ್ಲ.

ಮರುವರ್ಷ, 1981ರಲ್ಲಿ, ರಾಬರ್ಟ್ ಬ್ಲಾಕ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ಹೊರಬಂತು. ಒಟ್ಟು ನಾಲ್ಕು ಡೇ-ಕೇರ್‌ಗಳು. ಎರಡರಲ್ಲಿ ಕಟ್ಟುನಿಟ್ಟಾಗಿ ಕೈ ತೊಳೆಯುವ ಕ್ರಮ: ಮಕ್ಕಳೂ ತೊಳೀಬೇಕು, ಆಯಾಗಳೂ ತೊಳೀಬೇಕು, ಬಂದ ತಕ್ಷಣ, ಡೈಪರ್ ಬದಲಿಸಿದ ಮೇಲೆ, ಊಟಕ್ಕೆ ಮುಂಚೆ. ಉಳಿದೆರಡು ಎಂದಿನಂತೆ. 35 ವಾರ ಲೆಕ್ಕ ಇಟ್ಟರು. ಎರಡು ತಿಂಗಳು ಕಳೆದ ಮೇಲೆ ವ್ಯತ್ಯಾಸ ಎದ್ದು ಕಂಡಿತು. ಇಡೀ ಅವಧಿಯಲ್ಲಿ ಕೈ ತೊಳೆದ ಕಡೆ ಭೇದಿ ಸುಮಾರು ಅರ್ಧದಷ್ಟು! ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಯಾವ ಮಗುವಿಗೆ ಸೋಂಕಿದೆ ಅಂತ ಪತ್ತೆ ಹಚ್ಚುವ ಗೋಜೂ ಇಲ್ಲ. ಎಲ್ಲರೂ ತೊಳೆಯೋದು, ಅಷ್ಟೇ.

ಕಾಯಿಲೆಯ ಮಗುವಿಗೆ ಮನೆಯಲ್ಲಿ ವಿಶ್ರಾಂತಿ ಬೇಡ ಅಂತಲ್ಲ. ಆದರೆ ಮಾರ್ಬೋ ನಿಯಮ ಭಾರವನ್ನು ತಾಯಿಯ ಮೇಲೆ ಹೊರಿಸಿದರೆ, ಇದು ಕೇಂದ್ರದ ಮೇಲೆ ಹೊರಿಸುತ್ತೆ. ನನಗೆ ಮುಖ್ಯ ಅನ್ನಿಸಿದ್ದು ಇದು.

ಕೇಂದ್ರ ಅಂದ್ರೆ ಯಾರು? ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದ ಮೊದಲ ತಾಲ್ಲೂಕು ತಿ. ನರಸೀಪುರ. ಅಂದಿನಿಂದ ಅಂಗನವಾಡಿ ನಡೆಸಿಕೊಂಡು ಬಂದವರು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅಡುಗೆ ಮಾಡೋದು, ಬಡಿಸೋದು, ಮಕ್ಕಳ ಕುಂಡೆ ತೊಳೆಯೋದು, ಎಲ್ಲಾ ಅದೇ ಕೈಗಳು. 2023ರಲ್ಲಿ ರಾಜ್ಯ ಸರ್ಕಾರ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಘೋಷಿಸಿದ 'ಕೂಸಿನ ಮನೆ'ಯ ಆಯಾಗಳೂ ಅಷ್ಟೇ.

ಆ ಕೈಗಳಿಗೆ ಹತ್ತಿರದಲ್ಲೇ ನಲ್ಲಿ, ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು, ಮತ್ತೆ ಮತ್ತೆ ತೊಳೆಯಲು ಬಿಡುವು ಇವೆಲ್ಲಾ ಬೇಕು. ಗೋಡೆ ಮೇಲೆ 'ಕೈ ತೊಳೆಯಿರಿ' ಅಂತ ಬರೆಸೋದು ಸುಲಭ. ಬರೀ ಗೌರವಧನ ಪಡೆಯುವ ಹೆಣ್ಣುಮಗಳೊಬ್ಬಳು ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವಷ್ಟು ನೀರು ಎಲ್ಲಿಂದ ತರಬೇಕು ಅಂತ ನಾವು ಕೇಳಿದ್ದೀವಾ? ನಿಮ್ಮೂರಿನ ಅಂಗನವಾಡಿಗೆ ಹೋದಾಗ ಒಮ್ಮೆ ನಲ್ಲಿ ತಿರುಗಿಸಿ ನೋಡಿ. ನೀರು ಬಂತಾ, ಇಲ್ಲವಾ ಅಂತ ಇಲ್ಲಿ ಬರೆಯಿರಿ.