1968ರ ಸ್ಪೇನ್: ಹಿಟ್ ಹಾಡುಗಳು ಮತ್ತು ಒಂದು ಭಾಷೆಯ ಜಗಳ

1968ರ ಏಪ್ರಿಲ್ 6ರ ರಾತ್ರಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಸ್ಪೇನ್ ಮೊದಲ ಸಲ ಗೆದ್ದಿತು. ಗಾಯಕಿ ಮಾಸಿಯೆಲ್ ಹಾಡಿದ ‘ಲಾ, ಲಾ, ಲಾ’ 29 ಅಂಕ ಪಡೆಯಿತು. ಗೆಲುವು ತನ್ನದೇ ಎಂದುಕೊಂಡಿದ್ದ ಬ್ರಿಟನ್ನಿನ ‘ಕಂಗ್ರಾಚುಲೇಷನ್ಸ್’ಗೆ ದಕ್ಕಿದ್ದು 28. (ಅದನ್ನು ಹಾಡಿದ ಕ್ಲಿಫ್ ರಿಚರ್ಡ್ ಹುಟ್ಟಿದ್ದು ನಮ್ಮ ಲಖನೌದಲ್ಲಿ.) ಗೆದ್ದ ಹಾಡು ಸ್ಪೇನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಆ ಹಾಡನ್ನು ಮಾಸಿಯೆಲ್ ಹಾಡಬೇಕೆಂಬ ತೀರ್ಮಾನವಾದದ್ದು ಸ್ಪರ್ಧೆಗೆ ಕೆಲವೇ ದಿನ ಬಾಕಿ ಇದ್ದಾಗ.

ಪಟ್ಟಿ ಮಾಡುತ್ತಿದ್ದವರು ಯಾರು?

ಇಂದಿನಂತೆ ಮಾರಾಟವನ್ನೂ ಸ್ಟ್ರೀಮಿಂಗನ್ನೂ ಎಣಿಸಿ ವಾರವಾರ ಹೊರಡಿಸುವ ಅಧಿಕೃತ ಪಟ್ಟಿ ಆಗ ಸ್ಪೇನಿನಲ್ಲಿರಲಿಲ್ಲ. 1966ರಲ್ಲಿ ರಾಫಾಯೆಲ್ ರೆವೆರ್ತ್ ಮ್ಯಾಡ್ರಿಡ್ ರೇಡಿಯೊದಲ್ಲಿ ‘ಲೋಸ್ 40 ಪ್ರಿನ್ಸಿಪಾಲೆಸ್’ ಎಂಬ ಕಾರ್ಯಕ್ರಮ ಆರಂಭಿಸಿದ. ಯುವಜನರ ಕಿವಿಗೆ ಬೀಳುವ ನಲವತ್ತು ಹಾಡುಗಳ ಈ ಪಟ್ಟಿ ಮುಂದೆ ದೇಶವ್ಯಾಪಿ ರೇಡಿಯೊ ಜಾಲವಾಗಿಯೇ ಬೆಳೆಯಿತು. ಅಂಗಡಿಗಳಲ್ಲಿ ನಿಜವಾಗಿ ಏನು ಮಾರಾಟವಾಗುತ್ತಿತ್ತು ಎಂಬುದನ್ನು ಬಹುಕಾಲದ ನಂತರ ಫೆರ್ನಾಂದೊ ಸಲಾವೆರಿ ಹುಡುಕಿ ತೆಗೆದರು. 1959ರಿಂದ 2002ರವರೆಗಿನ ಪಟ್ಟಿಗಳನ್ನು ಮರುಜೋಡಿಸಿದ ಅವರ ‘ಸೋಲೊ ಎಕ್ಸಿತೋಸ್’ ಗ್ರಂಥ 2005ರಲ್ಲಿ ಬಂತು. ಆ ಕಾಲದ ಸ್ಪೇನಿನ ‘ನಂಬರ್ ಒನ್’ ಹಾಡುಗಳ ಬಗ್ಗೆ ಬರೆಯುವವರು ಇಂದಿಗೂ ಅದನ್ನೇ ನೆಚ್ಚಿಕೊಳ್ಳುತ್ತಾರೆ.

ಈ ಪಟ್ಟಿಗಳಿಗೆ ಇನ್ನೊಂದು ಮಿತಿ ಇತ್ತು. 1939ರಿಂದ ದೇಶವನ್ನಾಳುತ್ತಿದ್ದವನು ಸರ್ವಾಧಿಕಾರಿ ಫ್ರಾಂಕೊ. ಹಾಡಿನ ಸಾಹಿತ್ಯ ಸೆನ್ಸಾರ್ ದಾಟಿ ಬರಬೇಕಿತ್ತು. ಬಾನುಲಿಯಲ್ಲಿ ಹಾಕಕೂಡದ ಹಾಡುಗಳನ್ನು ಸರ್ಕಾರವೇ ಗುರುತಿಸುತ್ತಿತ್ತು. ಹೀಗಾಗಿ ಪಟ್ಟಿಯಲ್ಲಿ ಕಾಣುವುದು ಜನರ ಅಭಿರುಚಿಯಷ್ಟೇ ಅಲ್ಲ, ಅವರಿಗೆ ಕೇಳಲು ಬಿಟ್ಟದ್ದೆಷ್ಟು ಎಂಬುದೂ ಹೌದು.

ಸೆರ್ರಾತ್ ಹಾಡದ ಹಾಡು

‘ಲಾ, ಲಾ, ಲಾ’ ಬರೆದವರು ‘ದುಯೊ ದಿನಾಮಿಕೊ’ ಹೆಸರಿನ ಜೋಡಿ, ಮಾನುಯೆಲ್ ದೆ ಲಾ ಕಾಲ್ವಾ ಮತ್ತು ರಾಮೋನ್ ಅರ್ಕುಸಾ. ಅದನ್ನು ಹಾಡಲು ಸ್ಪೇನಿನ ಸರ್ಕಾರಿ ಟೆಲಿವಿಷನ್ ಆರಿಸಿದ್ದು ಬಾರ್ಸಿಲೋನಾದ ಜುವಾನ್ ಮಾನುಯೆಲ್ ಸೆರ್ರಾತ್‌ನನ್ನು. 1943ರಲ್ಲಿ ಹುಟ್ಟಿದ ಸೆರ್ರಾತ್ ಅಷ್ಟು ಹೊತ್ತಿಗೆ ಕತಲಾನ್ ಭಾಷೆಯ ‘ನೋವಾ ಕಾನ್ಸೊ’ (ಹೊಸ ಹಾಡು) ಚಳವಳಿಯ ಹುಡುಗನಾಗಿ ಹೆಸರು ಮಾಡಿದ್ದ. ಆಗ ಕತಲಾನ್ ಭಾಷೆಯನ್ನು ಶಾಲೆಯಿಂದಲೂ ಕಚೇರಿಯಿಂದಲೂ ಹೊರದೂಡಲಾಗಿತ್ತು. ಆಡಳಿತದ ಕಣ್ಣಿಗೆ ಸ್ಪೇನಿಗೆ ಒಂದೇ ಭಾಷೆ.

ಮಾರ್ಚ್ ಕೊನೆಯ ವಾರದಲ್ಲಿ ಸೆರ್ರಾತ್ ಬಹಿರಂಗ ಪತ್ರ ಬರೆದು, ಹಾಡುವುದಾದರೆ ಕತಲಾನ್‌ನಲ್ಲೇ ಹಾಡುತ್ತೇನೆ ಎಂದ. ಟೆಲಿವಿಷನ್ ಒಪ್ಪಲಿಲ್ಲ, ಅವನು ಬಗ್ಗಲಿಲ್ಲ. ಮೆಕ್ಸಿಕೊ ಪ್ರವಾಸದಲ್ಲಿದ್ದ ಇಪ್ಪತ್ತರ ಹರೆಯದ ಮಾಸಿಯೆಲ್‌ಳನ್ನು ತುರ್ತಾಗಿ ಕರೆಸಲಾಯಿತು. ಅವಳು ಹಾಡು ಕಲಿತು, ಗಿಡ್ಡನೆಯ ಉಡುಪಿನಲ್ಲಿ ವೇದಿಕೆಗೆ ಬಂದು, ಯಾರೂ ನಿರೀಕ್ಷಿಸದ ಗೆಲುವನ್ನು ತಂದಳು. ಇಷ್ಟು ಕಡಿಮೆ ಸಮಯದಲ್ಲಿ ಅಂಥ ಹಾಡಿಕೆ ಕೊಟ್ಟದ್ದು ಸಣ್ಣ ಮಾತಲ್ಲ. ಸೆರ್ರಾತ್‌ನ ಪರ ನಿಲ್ಲುವವರು ಅವಳ ಈ ಸಾಮರ್ಥ್ಯವನ್ನು ಮರೆಯುವುದು ನ್ಯಾಯವಲ್ಲ. ಮತಗಳನ್ನು ಫ್ರಾಂಕೊ ಆಡಳಿತ ಕೊಂಡುಕೊಂಡಿತ್ತು ಎಂಬ ಆರೋಪ 2008ರಲ್ಲಿ ಒಂದು ಸಾಕ್ಷ್ಯಚಿತ್ರದ ಮೂಲಕ ಎದ್ದಿತಾದರೂ ಸಾಬೀತಾಗಲಿಲ್ಲ.

ಸೆರ್ರಾತ್‌ಗೆ ತೆರಬೇಕಾದ ಬೆಲೆ ಇತ್ತು. ಸರ್ಕಾರಿ ಟಿ.ವಿ. ಅವನಿಗೆ ವರ್ಷಗಳ ಕಾಲ ಬಾಗಿಲು ಮುಚ್ಚಿತು. ಆದರೂ 1969ರಲ್ಲಿ ಕವಿ ಆಂತೋನಿಯೊ ಮಚಾದೊನ ಕವಿತೆಗಳಿಗೆ ರಾಗ ಹಾಕಿ ಅವನು ಹೊರತಂದ ಸ್ಪ್ಯಾನಿಷ್ ಎಲ್‌ಪಿ ಭಾರಿ ಯಶಸ್ಸು ಕಂಡಿತು. ಸ್ಪ್ಯಾನಿಷ್‌ನ ಮೇಲೆ ಅವನಿಗೆ ಹಗೆ ಇರಲಿಲ್ಲ. ತನ್ನ ನುಡಿಗೂ ಜಾಗ ಬೇಕೆಂದಷ್ಟೇ ಅವನು ಕೇಳಿದ್ದು.

ಇಂಗ್ಲಿಷಿನಲ್ಲಿ ಹಾಡಿದ ಸ್ಪೇನಿಗರು

ಕತಲಾನ್‌ಗೆ ಅಡ್ಡಿ ಮಾಡಿದ ಅದೇ ದೇಶದಲ್ಲಿ ಇಂಗ್ಲಿಷ್ ಹಾಡುಗಳು ಸಲೀಸಾಗಿ ಓಡಾಡುತ್ತಿದ್ದವು. ಬೀಟಲ್ಸ್ ತಂಡದ ‘ಹೇ ಜೂಡ್’, ಟಾಮ್ ಜೋನ್ಸ್‌ನ ‘ಡಿಲೈಲಾ’ ಅಲ್ಲಿಯೂ ದೊಡ್ಡ ಹಿಟ್‌ಗಳೇ. ಅಷ್ಟೇ ಅಲ್ಲ, ಸ್ಪೇನಿನ ತಂಡಗಳೇ ಇಂಗ್ಲಿಷಿನಲ್ಲಿ ಹಾಡುತ್ತಿದ್ದವು. ಕ್ಯಾನರಿ ದ್ವೀಪಗಳ ‘ಲೋಸ್ ಕನಾರಿಯೋಸ್’ ತಂಡದ ‘ಗೆಟ್ ಆನ್ ಯುವರ್ ನೀಸ್’ ಸೋಲ್ ಶೈಲಿಯ ಹಾಡು, ತುತ್ತೂರಿಗಳ ಅಬ್ಬರದ್ದು. ‘ಪಾಪ್ ಟಾಪ್ಸ್’ ತಂಡದ ‘ಓ ಲಾರ್ಡ್, ವೈ ಲಾರ್ಡ್’ ನನಗೆ ಆ ವರ್ಷದ ಅತ್ಯಂತ ಕುತೂಹಲದ ಹಾಡು: ರಾಗ ಜರ್ಮನಿಯ ಸಂಗೀತಕಾರ ಪಾಖೆಲ್ಬೆಲ್‌ನ ‘ಕೆನನ್’ ಕೃತಿಯಿಂದ ಬಂದದ್ದು, ಗಾಯಕ ಫಿಲ್ ಟ್ರಿಮ್ ಟ್ರಿನಿಡಾಡ್‌ನ ಕರಿಯ ಯುವಕ, ತಂಡ ಮ್ಯಾಡ್ರಿಡ್‌ನದು.

ಬೆನಿದೋರ್ಮ್‌ನಲ್ಲಿ ಹೊಸಬ

ಜುಲೈ ತಿಂಗಳಲ್ಲಿ ಕಡಲತೀರದ ಬೆನಿದೋರ್ಮ್ ಊರಿನ ಹಾಡಿನ ಉತ್ಸವದಲ್ಲಿ ಹೊಸಬನೊಬ್ಬ ಗೆದ್ದ. ಹೆಸರು ಹುಲಿಯೊ ಇಗ್ಲೇಸಿಯಸ್, ಹಾಡು ‘ಲಾ ವಿದಾ ಸೀಗೆ ಇಗ್ವಾಲ್’. ರಿಯಲ್ ಮ್ಯಾಡ್ರಿಡ್‌ನ ಕಿರಿಯರ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದ ಅವನು ಕಾರು ಅಪಘಾತವೊಂದರಿಂದ ಹಾಸಿಗೆ ಹಿಡಿದಾಗ ಗಿಟಾರ್ ಕಲಿತವನು.

ಪಟ್ಟಿಯ ಹೊರಗೆ

ಮೇ 18ರಂದು ವಲೆನ್ಸಿಯಾ ಸೀಮೆಯ ಗಾಯಕ ರೈಮೋನ್ ಮ್ಯಾಡ್ರಿಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಕತಲಾನ್‌ನಲ್ಲಿ ಹಾಡಿದ. ಆ ಭಾಷೆ ಮನೆಮಾತಲ್ಲದ ವಿದ್ಯಾರ್ಥಿಗಳೂ ತುಂಬಿಕೊಂಡಿದ್ದರು. ಕಾರ್ಯಕ್ರಮ ಮುಗಿದದ್ದೇ ಬೀದಿಯಲ್ಲಿ ಪ್ರತಿಭಟನೆ ಎದ್ದಿತು. ಅದೇ ವರ್ಷ ಇನ್ನೊಬ್ಬ ಕತಲಾನ್ ಗಾಯಕ ಲ್ಯುಯಿಸ್ ಲ್ಯಾಕ್ ‘ಲೆಸ್ತಾಕಾ’ ಎಂಬ ಹಾಡು ರಚಿಸಿದ. ಆ ಹಾಡು ಮುಂದೆ ಪೋಲೆಂಡಿಗೂ ಹೋಯಿತು; 1980ರ ದಶಕದಲ್ಲಿ ಅಲ್ಲಿನ ‘ಸಾಲಿಡಾರಿಟಿ’ ಸಂಘಟನೆಯ ಕಾರ್ಮಿಕರು ಹಾಡಿದ ‘ಮೂರಿ’ಯ ರಾಗ ಅದರದೇ. 1968ರ ಸ್ಪೇನಿನ ಹಾಡುಗಳನ್ನು ಕೇಳಬೇಕೆನ್ನುವವರು ಮಾಸಿಯೆಲ್‌ಳ ಹಾಡಿನ ಜೊತೆಗೆ ಪಟ್ಟಿಯಲ್ಲಿ ಸಿಗದ ‘ಲೆಸ್ತಾಕಾ’ವನ್ನೂ ಕೇಳಬೇಕು.