ಗಳಿಗೆಗೊಮ್ಮೆ ನಿಲ್ಲುವ ಆಟದ ಚರಿತ್ರೆ



ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ನನಗೆ ಆಗಾಗ ಬರೆಯುವ ದೂರೊಂದಿದೆ. ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದವರು. ಶಾಲೆಯಲ್ಲಿ ‘ನಿನ್ನ ತಂಡ ಯಾವುದು?’ ಎಂದು ಗೆಳೆಯರು ಕೇಳಿದರೆ ಉತ್ತರ ಹೇಳಲೇಬೇಕು. ಹೀಗಾಗಿ ತಂದೆಯೂ ಮಗನ ಪಕ್ಕದಲ್ಲಿ ಕುಳಿತು ಅಮೆರಿಕನ್ ಫುಟ್‌ಬಾಲ್ ನೋಡಬೇಕು, ಯಾವುದಾದರೊಂದು ತಂಡವನ್ನು ನಮ್ಮದೆನ್ನಬೇಕು. ‘ಸಾರ್, ಐದು ಸೆಕೆಂಡು ಆಟ, ಅರ್ಧ ನಿಮಿಷ ಸುಮ್ಮನೆ ನಿಲ್ಲುವುದು, ನಡುವೆ ಹಳದಿ ಬಟ್ಟೆ ಎಸೆದು ದಂಡ, ಆಮೇಲೆ ಜಾಹೀರಾತು. ಮನಸ್ಸು ಒಂದು ಕಡೆ ನಿಲ್ಲುವ ಮೊದಲೇ ಆಟ ನಿಂತಿರುತ್ತದೆ. ತಂಡ ಆರಿಸುವುದಾದರೂ ಹೇಗೆ?’ ಎಂದು ಒಬ್ಬ ಹಳೆಯ ವಿದ್ಯಾರ್ಥಿ ಬರೆದಿದ್ದ. ಅದರ ಕೆಳಗೇ ಇನ್ನೊಂದು ಸಾಲಿತ್ತು: ಹುಡುಗ ಹೈಸ್ಕೂಲಿನ ತಂಡ ಸೇರುತ್ತೇನೆಂದು ಹಟ ಹಿಡಿದಿದ್ದಾನೆ, ಬಿಡಬಹುದೇ?

ದೂರಿನಲ್ಲಿ ಸುಳ್ಳಿಲ್ಲ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರು ಗಡಿಯಾರ ಹಿಡಿದು ಅಳೆದಾಗ, ಮೂರು ಗಂಟೆಗೂ ಮಿಕ್ಕಿದ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿದ್ದದ್ದು ಸುಮಾರು 11 ನಿಮಿಷ ಮಾತ್ರ! ಆಟಗಾರರು ಸುಮ್ಮನೆ ನಿಂತದ್ದು, ಗುಂಪುಗೂಡಿ ಮಾತಾಡಿದ್ದು ಒಂದು ಗಂಟೆಗೂ ಹೆಚ್ಚು. ಆದರೆ ಚರಿತ್ರೆಯ ಮೇಷ್ಟ್ರಿಗೆ ತಂಡದ ಪ್ರಶ್ನೆಗಿಂತ ಮೊದಲು ಬೇರೊಂದು ಪ್ರಶ್ನೆ ಏಳುತ್ತದೆ. ಈ ಆಟ ಏಕೆ ಹೀಗೆ ನಿಲ್ಲುತ್ತದೆ?

ಮೊದಲು ನಿಲ್ಲುತ್ತಿರಲಿಲ್ಲ. 1876ರಲ್ಲಿ ಅಮೆರಿಕದ ಕಾಲೇಜುಗಳು ಇಂಗ್ಲೆಂಡಿನ ರಗ್ಬಿಯ ನಿಯಮಗಳನ್ನೇ ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಂಡವು. ಚೆಂಡಿಗಾಗಿ ಎರಡೂ ಕಡೆಯವರು ಮುಗಿಬೀಳುವ, ಯಾರ ಕೈಯಲ್ಲಿದೆಯೆಂದು ತಿಳಿಯದ ನೂಕುನುಗ್ಗಲು ಅದು. ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಎಂಬವರು 1880ರಲ್ಲಿ ಇದನ್ನು ಬದಲಿಸಿದರು. ಆಟ ನಿಂತ ಕಡೆಯಿಂದ ಒಂದು ತಂಡ ನಿರಾತಂಕವಾಗಿ ಚೆಂಡನ್ನು ಹಿಂದಕ್ಕೆ ಕೊಟ್ಟು ಆರಂಭಿಸಬೇಕು, ಎದುರಾಳಿಗಳು ಗೆರೆಯಾಚೆ ಕಾಯಬೇಕು. ಇಂದು ನಿಮ್ಮನ್ನು ಕಾಡುವ ನಿಲುಗಡೆ ಹುಟ್ಟಿದ್ದು ಆಗಲೇ.

ಒಂದು ಹುಳುಕು ಮಾತ್ರ ಉಳಿಯಿತು. ಚೆಂಡು ಸಿಕ್ಕ ತಂಡ ಅದನ್ನು ಬಿಟ್ಟುಕೊಡಬೇಕೆಂಬ ಕಟ್ಟುಪಾಡೇ ಇರಲಿಲ್ಲ. 1881ರ ಪ್ರಿನ್ಸ್‌ಟನ್–ಯೇಲ್ ಪಂದ್ಯದ ಮೊದಲರ್ಧವೆಲ್ಲ ಪ್ರಿನ್ಸ್‌ಟನ್ನಿನವರು, ಉಳಿದರ್ಧವೆಲ್ಲ ಯೇಲ್‌ನವರು ಚೆಂಡನ್ನು ತಬ್ಬಿಕೊಂಡೇ ಕಾಲ ಕಳೆದರು. ಫಲಿತಾಂಶ ಸೊನ್ನೆಗೆ ಸೊನ್ನೆ. ಮರುವರ್ಷವೇ ಹೊಸ ಕಟ್ಟಳೆ ಬಂತು: ಮೂರು ಪ್ರಯತ್ನಗಳಲ್ಲಿ ಐದು ಗಜ ಮುಂದುವರಿಯಬೇಕು, ಇಲ್ಲವೇ ಚೆಂಡು ಬಿಡಬೇಕು. ಅಂಗಳಕ್ಕೆ ಗೆರೆ ಎಳೆದದ್ದೂ ಈ ಗಜಗಳನ್ನು ಅಳೆಯುವುದಕ್ಕೇ.

ಇದನ್ನು ಓದಿದಾಗ ನನಗೆ ನಮ್ಮ ಕಬಡ್ಡಿ ನೆನಪಾಯಿತು. ಜಗಳೂರಿನ ಬರದ ನೆಲ ಎಷ್ಟು ಗಟ್ಟಿಯೆಂದು ಮೊಣಕಾಲಿನ ಚರ್ಮ ಕೊಟ್ಟವರಿಗೆಲ್ಲ ಗೊತ್ತು. ಪಂದ್ಯದ ಹಿಂದಿನ ಸಂಜೆ ಅಂಕಣವನ್ನು ಅಗೆದು, ಹೆಂಟೆ ಒಡೆದು, ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದವರು ನೀವೇ. ಅಂಕ ಮುಂದಿದ್ದ ತಂಡದ ಹುಡುಗರು ಗೆರೆ ದಾಟಿ, ಕಬಡ್ಡಿ ಕಬಡ್ಡಿ ಎಂದು ನಾಲ್ಕು ಹೆಜ್ಜೆ ಹಾಕಿ, ಯಾರನ್ನೂ ಮುಟ್ಟದೆ ಮರಳಿ ಹೊತ್ತು ತಳ್ಳುತ್ತಿದ್ದದ್ದು ನೆನಪಿದೆಯಲ್ಲವೇ? 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಲ್ಲಿ ಎರಡು ದಾಳಿ ಖಾಲಿಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ದಾಳಿಗಾರನೇ ಔಟು. ಪ್ರಿನ್ಸ್‌ಟನ್ನಿಗೆ ಹಿಡಿದಿದ್ದ ರೋಗವೇ ಇದು, ಮದ್ದೂ ಹೆಚ್ಚುಕಡಿಮೆ ಅದೇ.

ದಂಡದ ಕಥೆ ಇಷ್ಟು ಹಗುರವಾದುದಲ್ಲ. ಆಗ ಆಟಗಾರರು ತೋಳಿಗೆ ತೋಳು ಹೆಣೆದು ಗುಂಪಾಗಿ ನುಗ್ಗುತ್ತಿದ್ದರು. ತಲೆಗೆ ಸರಿಯಾದ ರಕ್ಷಣೆಯಿರಲಿಲ್ಲ. 1905ರ ಒಂದೇ ಋತುವಿನಲ್ಲಿ ಸತ್ತವರನ್ನು ಪತ್ರಿಕೆಗಳು 18 ಎಂದು ಎಣಿಸಿದವು. ಬಹುಪಾಲು ಎಳೆಯ ಹುಡುಗರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ನೀವು ಈಗ ಮನೆ ಮಾಡಿರುವ ಸೀಮೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ 1906ರಲ್ಲಿ ರಗ್ಬಿಗೆ ಹಿಂದಿರುಗಿದವು. ಅದೇ ವರ್ಷ ನಿಯಮಗಳನ್ನು ಹೊಸದಾಗಿ ಬರೆದರು. ಚೆಂಡನ್ನು ಮುಂದಕ್ಕೆ ಎಸೆಯಬಹುದು ಎಂದಾಯಿತು, ಐದು ಗಜ ಹತ್ತಾಯಿತು, ಎರಡು ಸಾಲುಗಳ ನಡುವೆ ಯಾರೂ ಕಾಲಿಡಬಾರದ ತೆರವು ಬಂತು. ಈ ತೆರವಿನೊಳಗೆ ಮುಂಚೆಯೇ ನುಗ್ಗಿದವನಿಗೇ ಇಂದು ಐದು ಗಜದ ದಂಡ ಬೀಳುವುದು. ನೋಡುವವರಿಗೆ ಅದು ರೇಜಿಗೆ, ನಿಜ. ಅದರ ಹಿಂದೆ ಹೆತ್ತವರ ಕಣ್ಣೀರಿದೆ.

ಹಳದಿ ಬಟ್ಟೆಯ ಮೂಲ ಸ್ವಾರಸ್ಯವಾಗಿದೆ. ಮೊದಲೆಲ್ಲ ತಪ್ಪಿಗೆ ಪೀಪಿ ಊದುತ್ತಿದ್ದರು, ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. 1941ರಲ್ಲಿ ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಕಾಲೇಜಿನ ತರಬೇತುದಾರ ಡ್ವೈಟ್ ಬೀಡ್ ತಮ್ಮ ಪತ್ನಿಯಿಂದ ಬಟ್ಟೆಯ ತುಂಡು ಹೊಲಿಸಿ, ಮೂಲೆಗೆ ಮೀನಿನ ಗಾಳದ ಸೀಸದ ಗುಂಡು ಕಟ್ಟಿಸಿ ತೀರ್ಪುಗಾರರ ಕೈಗಿತ್ತರು. ಬಟ್ಟೆ ಎಸೆದ ಮೇಲೂ ಆಟ ಮುಂದುವರಿಯಬಹುದಿತ್ತು. ಅಂದರೆ ಬಟ್ಟೆ ಬಿದ್ದ ಮಾತ್ರಕ್ಕೆ ಆಟ ನಿಲ್ಲಬೇಕಾಗಿರಲಿಲ್ಲ!

ಜಾಹೀರಾತಿನ ನಿಲುಗಡೆಗೆ ಮಾತ್ರ ನಾನು ವಕಾಲತ್ತು ವಹಿಸಲಾರೆ. ಅದು ವ್ಯಾಪಾರ, ಅಷ್ಟೇ.

ಇನ್ನು ತಂಡ. ನಿಮ್ಮ ಕಡೆ ಬಹುಕಾಲ ಎರಡಿದ್ದವು. 1946ರಲ್ಲಿ ಹುಟ್ಟಿದ ಫಾರ್ಟಿನೈನರ್ಸ್ ತಂಡದ ಹೆಸರು 1849ರಲ್ಲಿ ಚಿನ್ನ ಹುಡುಕಿ ಬಂದವರದು. ಐದು ಸೂಪರ್ ಬೌಲ್ ಗೆದ್ದ ಈ ತಂಡ 2014ರಿಂದ ಸ್ಯಾಂಟಾ ಕ್ಲಾರಾದಲ್ಲಿ ಆಡುತ್ತಿದೆ. ಇನ್ನೊಂದು ಓಕ್‌ಲೆಂಡಿನ ರೈಡರ್ಸ್. ಕಬಡ್ಡಿ ಬಲ್ಲವನಿಗೆ ಆ ಹೆಸರೇ ಮೊದಲು ಹಿಡಿಸುತ್ತದೆ. ಆದರೆ ದಂಡದಿಂದ ಬೇಸತ್ತವರಿಗೆ ಹೇಳಿಸಿದ ತಂಡವಲ್ಲ ಅದು. 2011ರ ಋತುವಿನಲ್ಲಿ ಅವರ ಮೇಲೆ ಬಿದ್ದ ದಂಡಗಳು 163, ಕಳೆದುಕೊಂಡ ನೆಲ 1,358 ಗಜ. ಸುಮಾರು ಒಂದೂಕಾಲು ಕಿಲೋಮೀಟರು ಹಿಂದಕ್ಕೆ ನಡೆದಂತೆ. ಆ ಕಾಲಕ್ಕೆ ಅದು ದಾಖಲೆ. ಆ ವರ್ಷ ಎಂಟು ಗೆಲುವು, ಎಂಟು ಸೋಲು. 2020ರಲ್ಲಿ ಅವರು ಲಾಸ್ ವೇಗಸ್‌ಗೆ ಹೊರಟುಹೋದರು. ಊರು ಬಿಟ್ಟವರ ಹಿಂದೆ ಹೋಗುವುದಕ್ಕಿಂತ ಮನೆಯ ಹತ್ತಿರದವರನ್ನು ಹಿಡಿಯುವುದು ಲೇಸೆಂದು ನನ್ನ ಎಣಿಕೆ.

ಹುಡುಗನ ವಿಷಯ ಕಠಿಣ. ಪಿಟ್ಸ್‌ಬರ್ಗ್ ತಂಡದ ಹೆಸರಾಂತ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ 50ರ ಪ್ರಾಯದಲ್ಲಿ ತೀರಿಕೊಂಡಾಗ, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟಿನ ಗುರುತು ಕಂಡು 2005ರಲ್ಲಿ ಪ್ರಕಟಿಸಿದರು. ಶಿರಸ್ತ್ರಾಣ ತಲೆಬುರುಡೆಯನ್ನು ಕಾಯುತ್ತದೆ, ಒಳಗೆ ಅಲುಗುವ ಮಿದುಳನ್ನಲ್ಲ. ಇಂದು ತಲೆಯಿಂದ ಗುದ್ದಿದವನಿಗೆ 15 ಗಜ ದಂಡವಿದೆ. ಹಾಗೆ ಬಟ್ಟೆ ಬಿದ್ದಾಗಲೆಲ್ಲ ಸಭಿಕರು ಗೊಣಗುತ್ತಾರೆ. ಕಬಡ್ಡಿಯಲ್ಲಿ ದಾಳಿಗಾರನ ಬಾಯಿ ಮುಚ್ಚಿ, ಕತ್ತು ಹಿಸುಕಿ ಉಸಿರು ನಿಲ್ಲಿಸುವುದು ನಿಷಿದ್ಧ. ಹಾಗೆ ಮಾಡಿದವನನ್ನು ನಾನು ಹೊರಗೆ ಕಳಿಸಿದಾಗ ನಮ್ಮೂರ ಸಭಿಕರೂ ಗೊಣಗಿದ್ದುಂಟು.

ಜಗಳೂರಿನಲ್ಲಿ ಕುಳಿತು ಅಪ್ಪಣೆ ಕೊಡಲು ನಾನಾರು? ನನ್ನ ಮೊಮ್ಮಗನಾಗಿದ್ದರೆ ಅಷ್ಟು ಬೇಗ ಬಿಡುತ್ತಿರಲಿಲ್ಲ. ಮೊದಲು ಫ್ಲ್ಯಾಗ್ ಫುಟ್‌ಬಾಲಿಗೆ ಸೇರಿಸಿ ನೋಡಪ್ಪಾ ಎಂದು ಬರೆದೆ. ಅದರಲ್ಲಿ ಕೆಡವುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕು, ಆಟ ಅಲ್ಲಿಗೆ ನಿಲ್ಲುತ್ತದೆ. ಒಂದು ಕಡೆಗೆ ಐವರು. ನಮ್ಮ ಕಬಡ್ಡಿಯಂತೆಯೇ 20 ನಿಮಿಷಗಳ ಎರಡು ಅವಧಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದನ್ನು ಸೇರಿಸಿಕೊಂಡಿದ್ದಾರೆ.